ರೋಗಾಣುವಿನ ಗುರುತು ಹಿಡಿದ ವೈದ್ಯ: ರಾಬರ್ಟ್ ಕಾಕ್

ಪ್ರತಿ ವರ್ಷ ಮಾರ್ಚ್ 24ರಂದು ಶಾಲೆಗಳಲ್ಲಿ ವಿಶ್ವ ಕ್ಷಯರೋಗ ದಿನ ಆಚರಿಸುತ್ತೇವೆ. ಮಕ್ಕಳಿಂದ ಭಿತ್ತಿಪತ್ರ ಬರೆಸುತ್ತೇವೆ, ಜಾಥಾ ಹೊರಡಿಸುತ್ತೇವೆ. ಅದೇ ದಿನಾಂಕ ಏಕೆ ಎಂದು ಕೇಳಿದರೆ ಹೇಳುವವರು ಕಡಿಮೆ. ಕೆಲವು ವರ್ಷಗಳ ಹಿಂದಿನವರೆಗೆ ನನಗೂ ಗೊತ್ತಿರಲಿಲ್ಲ.

ಒಂದು ದಿನ ನನ್ನ ವಿದ್ಯಾರ್ಥಿಯೊಬ್ಬ ತನ್ನ ತಾಯಿಯ ಕಫ ಪರೀಕ್ಷೆಯ ವರದಿ ತಂದು, ಸರ್, ಇದನ್ನು ಸ್ವಲ್ಪ ಓದಿ ಹೇಳಿ ಎಂದು ಕೊಟ್ಟ. ಅವರ ಮನೆಯಲ್ಲಿ ಇಂಗ್ಲಿಷ್ ಓದುವವರು ಇರಲಿಲ್ಲ. ಆ ತಾಯಿ ಕೆಮ್ಮಿನಿಂದ ಬಳಲಿ, ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಟಿ.ಬಿ. ಎಂದು ತಿಳಿದು, ಒಂದು ದಿನವೂ ತಪ್ಪಿಸದೆ ಆರು ತಿಂಗಳು ಮಾತ್ರೆ ನುಂಗಿದ್ದರು. ಗುಣವಾಗಲಿಲ್ಲ. ಮತ್ತೆ ಚಿಕಿತ್ಸೆ ಶುರುವಾಯಿತು. ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲವೆಂದು ನೆಂಟರೇ ಅವರನ್ನು ದೂರಿದರು. ಕೊನೆಗೆ ಕಫವನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದಾಗ ಬಂದ ವರದಿ ನನ್ನ ಕೈಯಲ್ಲಿತ್ತು. ಅದರಲ್ಲಿ ಟಿ.ಬಿ. ಎಂದು ಇರಲಿಲ್ಲ. ಬೇಗ ಬೆಳೆಯುವ ಬೇರೊಂದು ಮೈಕೋಬ್ಯಾಕ್ಟೀರಿಯಂ, ಹೆಸರು ಅಬ್ಸೆಸಸ್ ಎಂದಿತ್ತು. ಆ ಪದಗಳ ಅರ್ಥ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಈ ಮಹನೀಯರ ಜೀವನ.

ಮೊದಲು ಅವರ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಪುಸ್ತಕಗಳಲ್ಲಿ ಕಾಕ್ ಎಂದೂ ಕೋಚ್ ಎಂದೂ ಬರೆಯುತ್ತಾರೆ. ಜರ್ಮನರು ಹೇಳುವಾಗ ಕೊನೆಯಲ್ಲಿ ಬರುವುದು ಉರ್ದುವಿನ ಖೆ. ಖಬರ್, ಖತ್ ಎನ್ನುವಾಗ ಗಂಟಲಿನಿಂದ ಬರುವ ಅದೇ ಧ್ವನಿ. ಉರ್ದು ಬಲ್ಲ ಮಕ್ಕಳು ಸರಿಯಾಗಿ ಉಚ್ಚರಿಸಬಲ್ಲರು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ್ದರಿಂದ ನಾನು ಕಾಕ್ ಎಂದೇ ಬರೆಯುತ್ತೇನೆ.

ರಾಬರ್ಟ್ ಕಾಕ್‌ರವರು 1843ರ ಡಿಸೆಂಬರ್ 11ರಂದು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲಾಸ್ಥಾಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಗಣಿಯ ಅಧಿಕಾರಿ. ಮನೆಯಲ್ಲಿ ಹದಿಮೂರು ಮಕ್ಕಳು. ಶಾಲೆಗೆ ಸೇರುವ ಮೊದಲೇ ದಿನಪತ್ರಿಕೆ ನೋಡಿ ತಾವಾಗಿಯೇ ಓದಲು ಕಲಿತಿದ್ದರೆಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಗೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1866ರಲ್ಲಿ ಪದವಿ ಪಡೆದರು. ಅಲ್ಲಿ ಯಾಕೋಬ್ ಹೆನ್ಲೆ ಎಂಬ ಪ್ರಾಧ್ಯಾಪಕರಿದ್ದರು. ಸೋಂಕು ರೋಗಗಳನ್ನು ತರುವುದು ಜೀವವಿರುವ ಸೂಕ್ಷ್ಮ ಕಣಗಳು ಎಂದು ಅವರು 1840ರಲ್ಲೇ ಬರೆದಿದ್ದರು. ರುಜುವಾತು ಮಾತ್ರ ಅವರ ಬಳಿ ಇರಲಿಲ್ಲ.

1867ರಲ್ಲಿ ಮದುವೆ, ಮರುವರ್ಷ ಮಗಳು. ಹೊಟ್ಟೆಪಾಡಿಗಾಗಿ ಊರಿಂದ ಊರಿಗೆ ವೈದ್ಯವೃತ್ತಿ. 1870ರ ಯುದ್ಧದಲ್ಲಿ ಸೈನ್ಯದ ವೈದ್ಯರಾಗಿ ಸೇವೆ. 1872ರಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಪಟ್ಟಣಕ್ಕೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಬಂದರು. ಆ ಊರು ಇಂದು ಪೋಲೆಂಡಿನಲ್ಲಿದೆ. ಹತ್ತಿರದಲ್ಲಿ ವಿಶ್ವವಿದ್ಯಾಲಯವಿಲ್ಲ, ಗ್ರಂಥಾಲಯವಿಲ್ಲ, ಮಾತಾಡಲು ಒಬ್ಬ ವಿಜ್ಞಾನಿಯೂ ಇಲ್ಲ. ರೋಗಿಗಳನ್ನು ನೋಡುವ ಕೋಣೆಗೆ ಅಡ್ಡಲಾಗಿ ಒಂದು ಪರದೆ ಕಟ್ಟಿ, ಅದರ ಹಿಂದೆ ತಮ್ಮ ಪ್ರಯೋಗಾಲಯ ಮಾಡಿಕೊಂಡರು. ಹೆಂಡತಿ ಎಮ್ಮಿ ಕೊಡಿಸಿದ ಸೂಕ್ಷ್ಮದರ್ಶಕ ಅಲ್ಲಿತ್ತು.

ಆ ಸೀಮೆಯ ದನ ಕುರಿಗಳು ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ ಸಾಯುತ್ತಿದ್ದವು. ಸತ್ತ ಪ್ರಾಣಿಯ ರಕ್ತದಲ್ಲಿ ಕಡ್ಡಿಯಂಥ ಕಣಗಳಿರುವುದನ್ನು ಬೇರೆಯವರು ಮೊದಲೇ ನೋಡಿದ್ದರು. ನೋಡಿದ ಮಾತ್ರಕ್ಕೆ ಅದೇ ಕಾರಣವೆಂದು ಹೇಗೆ ಹೇಳುವುದು? ಕಾಕ್‌ರವರು ಎತ್ತಿನ ಕಣ್ಣಿನೊಳಗಿನ ತಿಳಿನೀರಿನಲ್ಲಿ ಆ ಕಡ್ಡಿಗಳನ್ನು ಬೆಳೆಸಿದರು. ಒಂದರಿಂದ ಇನ್ನೊಂದಕ್ಕೆ ಹಲವು ಸಲ ದಾಟಿಸಿ, ಸಣ್ಣ ಮರದ ಚಕ್ಕೆಯಿಂದ ಇಲಿಗಳಿಗೆ ಚುಚ್ಚಿ ರೋಗ ತರಿಸಿದರು. ಕಡ್ಡಿಗಳು ಕಷ್ಟಕಾಲದಲ್ಲಿ ಬೀಜದಂತಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ ಎಂಬುದನ್ನೂ ಕಂಡರು. 1876ರಲ್ಲಿ ಇದೆಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬ್ರೆಸ್ಲಾವ್ ನಗರಕ್ಕೆ ಹೋಗಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಫರ್ಡಿನಾಂಡ್ ಕೋನ್‌ರವರಿಗೆ ಮೂರು ದಿನ ಪ್ರಯೋಗ ಮಾಡಿ ತೋರಿಸಿದರು. ಹೆಸರಿಲ್ಲದ ಹಳ್ಳಿಗಾಡಿನ ವೈದ್ಯನ ಕೆಲಸವನ್ನು ದೊಡ್ಡ ಪ್ರಾಧ್ಯಾಪಕರು ಮನಸಾರೆ ಒಪ್ಪಿ ತಮ್ಮ ಪತ್ರಿಕೆಯಲ್ಲೇ ಪ್ರಕಟಿಸಿದರು.

1880ರಲ್ಲಿ ಬರ್ಲಿನ್‌ನ ಆರೋಗ್ಯ ಇಲಾಖೆಗೆ ಕರೆ ಬಂತು. ಅಲ್ಲಿ ಅವರ ಮುಂದಿದ್ದ ಮೊದಲ ಸಮಸ್ಯೆ, ಕಲಬೆರಕೆಯಾದ ರೋಗಾಣುಗಳನ್ನು ಬೇರ್ಪಡಿಸುವುದು. ದ್ರವದಲ್ಲಿ ಬೆಳೆಸಿದರೆ ಹತ್ತು ಜಾತಿಯವು ಕಲೆತು ಹೋಗುತ್ತವೆ. ಬೇಯಿಸಿ ಹೋಳು ಮಾಡಿದ ಆಲೂಗಡ್ಡೆಯ ಮೇಲೆ ಬೇರೆ ಬೇರೆ ಬಣ್ಣದ ಚುಕ್ಕೆಗಳು ಬೆಳೆದಿದ್ದನ್ನು ಅವರು ಗಮನಿಸಿದರು. ಒಂದೊಂದು ಚುಕ್ಕೆಯೂ ಒಂದೊಂದು ಜಾತಿ. ಗಟ್ಟಿಯಾದ ಮೇಲ್ಮೈ ಇದ್ದರೆ ಪ್ರತಿಯೊಂದೂ ಇದ್ದಲ್ಲೇ ಗುಂಪು ಕಟ್ಟುತ್ತದೆ. ಇದರಿಂದ ಶುದ್ಧ ಕಲ್ಚರ್ ಮಾಡುವ ವಿಧಾನ ಬಂತು. ಮೊದಲು ಜೆಲಟಿನ್ ಬಳಸಿದರು, ಅದು ಸೆಕೆಗೆ ಕರಗುತ್ತಿತ್ತು. ಸಹೋದ್ಯೋಗಿ ಹೆಸ್ಸೆಯವರ ಪತ್ನಿ ಫಾನಿ ಹೆಸ್ಸೆ ತಮ್ಮ ಅಡುಗೆಮನೆಯ ಅನುಭವದಿಂದ ಅಗರ್ ಬಳಸಿ ಎಂದು ಸಲಹೆ ಕೊಟ್ಟರು. ರಮ್ಜಾನಿನಲ್ಲಿ ಇಫ್ತಾರಿಗೆ ಹಾಲು ಸಕ್ಕರೆ ಹಾಕಿ ನಮ್ಮ ಮನೆಗಳಲ್ಲಿ ಮಾಡುವ ಚೈನಾಗ್ರಾಸ್ ಎಂದರೆ ಇದೇ ಅಗರ್, ಸಮುದ್ರದ ಪಾಚಿಯಿಂದ ಬರುವ ವಸ್ತು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳೆಲ್ಲ ಅದರ ಮೇಲೆಯೇ ನಡೆಯುತ್ತಿವೆ. ಕಾಕ್‌ರವರು ತಮ್ಮ ಲೇಖನದಲ್ಲಿ ಅಗರ್ ಎಂದಷ್ಟೇ ಬರೆದು, ಆ ಹೆಣ್ಣುಮಗಳ ಹೆಸರು ಹೇಳಲಿಲ್ಲ. ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಕ್ಷಯದ ವಿಷಯಕ್ಕೆ ಬರೋಣ. ಆಗಿನ ಯುರೋಪಿನಲ್ಲಿ ಏಳು ಸಾವುಗಳಲ್ಲಿ ಒಂದು ಈ ರೋಗದಿಂದ ಎಂಬ ಲೆಕ್ಕವನ್ನು ಕಾಕ್‌ರವರೇ ಕೊಡುತ್ತಾರೆ. ಕನ್ನಡದಲ್ಲಿ ಕ್ಷಯ ಎಂದರೆ ಸವೆಯುವುದು. ಉರ್ದುವಿನ ತಪೇದಿಕ್ ಎಂದರೆ ದೇಹವನ್ನು ತೆಳುವಾಗಿಸುವ ಜ್ವರ. ಎರಡು ಭಾಷೆಗಳೂ ರೋಗಿಯನ್ನು ಹೊರಗಿನಿಂದ ನೋಡಿ ಹೆಸರಿಟ್ಟಿವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಂದು ಇಬ್ನ್ ಸೀನಾರವರು ಹನ್ನೊಂದನೆಯ ಶತಮಾನದಲ್ಲೇ ತಮ್ಮ ಅಲ್-ಕಾನೂನ್ ಗ್ರಂಥದಲ್ಲಿ ಹೇಳಿದ್ದರು. ಅಂಟುವುದು ಏನು ಎಂಬುದು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

1881ರ ಆಗಸ್ಟ್‌ನಲ್ಲಿ ಕೆಲಸ ಆರಂಭವಾಯಿತು. ಈ ರೋಗಾಣು ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ. ಕ್ಷಾರ ಬೆರೆಸಿದ ಮಿಥಿಲೀನ್ ನೀಲಿಯಲ್ಲಿ ಇಡೀ ದಿನ ನೆನೆಸಿ, ಮೇಲೆ ಕಂದು ಬಣ್ಣ ಹಾಕಿದಾಗ ಅಂಗಾಂಶವೆಲ್ಲ ಕಂದಾಗಿ, ನಡುವೆ ತೆಳ್ಳನೆಯ ನೀಲಿ ಕಡ್ಡಿಗಳು ಎದ್ದು ಕಂಡವು. ಬೇರೆ ಯಾರಾದರೂ ಆಗಿದ್ದರೆ ಅಂದೇ ಪ್ರಕಟಿಸುತ್ತಿದ್ದರು. ಕಾಕ್‌ರವರು ಅಲ್ಲಿ ನಿಲ್ಲಲಿಲ್ಲ. ದನದ ಮತ್ತು ಕುರಿಯ ರಕ್ತದಿಂದ ತೆಗೆದ ಸೀರಮ್ಮನ್ನು ದಿನಕ್ಕೊಂದು ಗಂಟೆಯಂತೆ ಆರು ದಿನ ಬಿಸಿಮಾಡಿ, ನಂತರ ಗಟ್ಟಿ ಮಾಡಿ, ಅದರ ಮೇಲೆ ರೋಗಿಯ ಅಂಗಾಂಶ ಸವರಿ, ಮೈಬಿಸಿಯಷ್ಟು ಶಾಖದಲ್ಲಿ ಇಟ್ಟರು. ಮೊದಲ ವಾರ ಏನೂ ಕಾಣಲಿಲ್ಲ. ಆಗ ಗೊತ್ತಿದ್ದ ಬ್ಯಾಕ್ಟೀರಿಯಾಗಳು ಒಂದೆರಡು ದಿನದಲ್ಲಿ ಬೆಳೆಯುತ್ತಿದ್ದವು. ಮತ್ತೊಬ್ಬರು ಕೊಳವೆಗಳನ್ನು ಎಸೆದುಬಿಡುತ್ತಿದ್ದರೇನೋ. ಇವರು ಕಾದರು. ಎರಡನೆಯ ವಾರದಲ್ಲಿ ಒಣಗಿದ ಹೊಟ್ಟಿನಂಥ ಸಣ್ಣ ಚುಕ್ಕೆಗಳು ಮೂಡಿದವು. ಅವನ್ನು ತಿಂಗಳುಗಟ್ಟಲೆ ಹೊಸ ಕೊಳವೆಗಳಿಗೆ ದಾಟಿಸಿ, ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳಿಗೆ ಚುಚ್ಚಿದಾಗ ಅವಕ್ಕೆ ಕ್ಷಯ ಬಂತು. ಅವುಗಳ ದೇಹದಿಂದ ಅದೇ ಕಡ್ಡಿಗಳು ಮತ್ತೆ ಸಿಕ್ಕವು.

1882ರ ಮಾರ್ಚ್ 24ರ ಸಂಜೆ ಬರ್ಲಿನ್‌ನ ಶರೀರಶಾಸ್ತ್ರ ಸಂಘದ ಸಣ್ಣ ಕೊಠಡಿಯಲ್ಲಿ ಅವರು ಇದನ್ನು ಓದಿದರು. ಅವರು ಒಳ್ಳೆಯ ಮಾತುಗಾರರಲ್ಲ, ತಡೆದು ತಡೆದು ಮಾತಾಡುತ್ತಿದ್ದರು. ಆದರೆ ಮೇಜಿನ ಮೇಲೆ ಇನ್ನೂರಕ್ಕೂ ಹೆಚ್ಚು ಮಾದರಿಗಳಿದ್ದವು. ಭಾಷಣ ಮುಗಿದಾಗ ಯಾರೂ ಪ್ರಶ್ನೆ ಕೇಳಲಿಲ್ಲ, ಎದ್ದು ಹೋಗಿ ಸೂಕ್ಷ್ಮದರ್ಶಕಗಳಲ್ಲಿ ಕಣ್ಣಿಟ್ಟರು. ನಮ್ಮ ಶಾಲೆಗಳ ಮಾರ್ಚ್ 24 ಇದೇ.

ಕೇಳುಗರಲ್ಲಿ ಪಾಲ್ ಎರ್ಲಿಕ್ ಎಂಬ ಯುವ ವೈದ್ಯರಿದ್ದರು. ಕೆಲವೇ ವಾರಗಳಲ್ಲಿ ಅವರು ಇನ್ನೂ ಒಳ್ಳೆಯ ಬಣ್ಣದ ವಿಧಾನ ಕಂಡುಹಿಡಿದರು. ಈ ಕಡ್ಡಿಗಳ ಮೈಮೇಲೆ ಮೇಣದಂಥ ಹೊದಿಕೆ ಇದೆ. ಒಮ್ಮೆ ಬಣ್ಣ ಒಳಗೆ ಹೋದರೆ ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಜೀಲ್ ಮತ್ತು ನೀಲ್ಸನ್ ಎಂಬಿಬ್ಬರು ಅದನ್ನು ತಿದ್ದಿ ಸರಳಗೊಳಿಸಿದರು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು. ಇಂದಿಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಕಫ ಪರೀಕ್ಷೆಗೆ ಮೂಲ ಇದೇ.

ಪ್ರಿಯ ವಿದ್ಯಾರ್ಥಿಗಳೇ, ತೊಡಕು ಶುರುವಾಗುವುದು ಇಲ್ಲಿಂದ. ಮೇಣದ ಹೊದಿಕೆ ಇರುವುದು ಕ್ಷಯದ ರೋಗಾಣುವಿಗೆ ಮಾತ್ರವಲ್ಲ. ಅದರ ಬಳಗ ದೊಡ್ಡದು, ಮಣ್ಣಿನಲ್ಲಿದೆ, ನಲ್ಲಿಯ ನೀರಿನಲ್ಲಿದೆ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಕೆಂಪು ಕಡ್ಡಿಗಳೇ. ಕಾಕ್‌ರವರು ಬದುಕಿದ್ದಾಗಲೇ ಇದು ತಿಳಿಯಿತು. ಬೆಣ್ಣೆಯಲ್ಲಿ ಕ್ಷಯದ ರೋಗಾಣು ಇದೆಯೆಂಬ ವರದಿಗಳು ಬಂದಾಗ, ಅವರ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದ ಲಿಡಿಯಾ ರಾಬಿನೋವಿಚ್ ಎಂಬ ಮಹಿಳೆ ಅದನ್ನು ಬೆಳೆಸಿ, ಪ್ರಾಣಿಗಳ ಮೇಲೆ ಪರೀಕ್ಷಿಸಿ, ಇದು ನೋಡಲು ಕ್ಷಯದ್ದರಂತಿರುವ ಬೇರೊಂದು ಜೀವಿ ಎಂದು 1897ರಲ್ಲಿ ತೋರಿಸಿಕೊಟ್ಟರು. ಮುಂದೆ 1912ರಲ್ಲಿ ಇವರು ಬರ್ಲಿನ್‌ನಲ್ಲಿ ಪ್ರೊಫೆಸರ್ ಪದವಿ ಪಡೆದ ಮೊದಲ ಮಹಿಳೆಯಾದರು. 1898ರಲ್ಲಿ ಮೊಲ್ಲರ್ ಎಂಬುವರಿಗೆ ದನದ ಮೇವಿನ ಹುಲ್ಲಿನಲ್ಲಿ ಇಂಥದೇ ಒಂದು ಸಿಕ್ಕಿತು. 1903ರಲ್ಲಿ ಫ್ರೀಡ್‌ಮನ್ ಎಂಬ ವೈದ್ಯ ಬರ್ಲಿನ್ ಅಕ್ವೇರಿಯಂನ ಕಡಲಾಮೆಗಳ ಶ್ವಾಸಕೋಶದಿಂದ ಇನ್ನೊಂದನ್ನು ತೆಗೆದರು. ಅದಕ್ಕೆ ಇಂದು ಕೆಲೋನೆ ಎಂದು ಹೆಸರು. ಇವೆಲ್ಲವೂ ಕ್ಷಯದ ರೋಗಾಣುವಿನಂತೆ ವಾರಗಟ್ಟಲೆ ಕಾಯಿಸುವುದಿಲ್ಲ, ಬೇಗ ಬೆಳೆಯುತ್ತವೆ. ಕಾಕ್‌ರವರು ಆ ಎರಡನೆಯ ವಾರದವರೆಗೆ ಕಾಯದೆ ಇದ್ದಿದ್ದರೆ ಈ ವ್ಯತ್ಯಾಸಕ್ಕೆ ಅಳತೆಗೋಲೇ ಇರುತ್ತಿರಲಿಲ್ಲ.

ಅಮೆರಿಕದ ಅರ್ನೆಸ್ಟ್ ರನ್ಯನ್ ಮೂಲತಃ ಸಸ್ಯಶಾಸ್ತ್ರಜ್ಞರು. ಅವರು 1959ರಲ್ಲಿ ಈ ಬಳಗವನ್ನು ನಾಲ್ಕು ಗುಂಪು ಮಾಡಿದರು. ಬೇಗ ಬೆಳೆಯುವವು ನಾಲ್ಕನೆಯ ಗುಂಪು. ಬೆಳೆದ ಚುಕ್ಕೆಯನ್ನು ಹೊಸ ಮಾಧ್ಯಮಕ್ಕೆ ದಾಟಿಸಿದಾಗ ಏಳು ದಿನದೊಳಗೆ ಕಣ್ಣಿಗೆ ಕಾಣುವಂತೆ ಬೆಳೆದರೆ ಅದು ಈ ಗುಂಪಿನದು. ಮೊಟ್ಟೆಯಿಂದ ಮಾಡಿದ ಮಾಧ್ಯಮದ ಮೇಲೆ ಕ್ಷಯದ ರೋಗಾಣು ಮೂರರಿಂದ ಎಂಟು ವಾರ ತೆಗೆದುಕೊಳ್ಳುತ್ತದೆ. ನಂತರ ಹೆಸರು ಹಿಡಿಯುವ ಕೆಲಸ. ನೈಟ್ರೇಟನ್ನು ಬದಲಿಸಿ, ಕಬ್ಬಿಣ ಹೀರಿ ತುಕ್ಕಿನ ಬಣ್ಣ ತಾಳಿದರೆ ಫಾರ್ಟುಯಿಟಮ್. ಈ ಎರಡನ್ನೂ ಮಾಡದೆ, ನೂರಕ್ಕೆ ಐದು ಉಪ್ಪಿರುವ ಮಾಧ್ಯಮದಲ್ಲೂ ಬೆಳೆದರೆ ಅಬ್ಸೆಸಸ್. ಉಪ್ಪನ್ನು ತಾಳದೆ ಸಿಟ್ರೇಟ್ ಬಳಸಿಕೊಂಡರೆ ಆಮೆಯ ಕೆಲೋನೆ. ಅದಕ್ಕೆ ಮೈಬಿಸಿಗಿಂತ ಮೂವತ್ತು ಡಿಗ್ರಿಯ ತಂಪೇ ಇಷ್ಟ. ಈಗ ಈ ಕೆಲಸವನ್ನು ಹೆಚ್ಚಾಗಿ ಡಿ.ಎನ್.ಎ. ಪರೀಕ್ಷೆಗಳು ಮಾಡುತ್ತವೆ, ಹೆಚ್ಚು ಖಚಿತವಾಗಿ. ಕಲ್ಚರಿನಲ್ಲಿ ಬೆಳೆದದ್ದು ಕ್ಷಯದ್ದೇ ಅಲ್ಲವೇ ಎಂದಷ್ಟೇ ತಿಳಿಯಬೇಕಾದರೆ ಹದಿನೈದು ನಿಮಿಷದಲ್ಲಿ ಹೇಳುವ ಪಟ್ಟಿಯೂ ಇದೆ.

ಹೆಸರಿನ ಮೇಲೆ ರೋಗಿಯ ಜೀವ ನಿಂತಿದೆ. ಶ್ವಾಸಕೋಶಕ್ಕೆ ತಗಲುವ ಬೇಗ ಬೆಳೆಯುವ ಜಾತಿಗಳಲ್ಲಿ ಹೆಚ್ಚಿನ ಪಾಲು ಅಬ್ಸೆಸಸ್‌ನದು. ಕ್ಷಯದ ಸಾಮಾನ್ಯ ಮಾತ್ರೆಗಳಿಗೆ ಅದು ಬಗ್ಗುವುದಿಲ್ಲ. ನನ್ನ ವಿದ್ಯಾರ್ಥಿಯ ತಾಯಿ ಮಾತ್ರೆ ತಪ್ಪಿಸಿರಲಿಲ್ಲ, ಮಾತ್ರೆಯೇ ಆ ರೋಗಕ್ಕೆ ಸೇರಿದ್ದಲ್ಲ. ಇನ್ನೊಂದು ಸಂಗತಿ ನನಗೆ ಬಹಳ ಕೌತುಕ ತಂದಿತು. ಅಬ್ಸೆಸಸ್ ಮೇಲೆ ಕ್ಲಾರಿಥ್ರೊಮೈಸಿನ್ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಯನ್ನು ಮೂರು-ಐದು ದಿನಕ್ಕೆ ಓದಿದರೆ ಮಾಡುತ್ತದೆ ಎಂದು ಕಾಣಬಹುದು. ಅದನ್ನೇ ಹದಿನಾಲ್ಕನೆಯ ದಿನ ಮತ್ತೆ ಓದಬೇಕು. ಔಷಧಿಯ ಎದುರಿಗಿದ್ದಾಗ ಮಾತ್ರ ಎಚ್ಚರಗೊಳ್ಳುವ ಒಂದು ಜೀನ್ ಇದರಲ್ಲಿ ಇರಬಹುದು. ಅದು 2009ರಲ್ಲಷ್ಟೇ ತಿಳಿಯಿತು. ಬೇಗ ಬೆಳೆಯುವ ಜೀವಿಗೂ ಎರಡು ವಾರ ಕಾಯಲೇಬೇಕು!

ಇದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಇವು ನೀರಿನಲ್ಲೇ ಇರುವುದರಿಂದ ಒಂದು ಸಲ ಕಫದಲ್ಲಿ ಬೆಳೆದ ಮಾತ್ರಕ್ಕೆ ರೋಗವೆಂದು ಹೇಳಲಾಗದು, ಬಾಯಿ ಮುಕ್ಕಳಿಸಿದ ನೀರಿನಿಂದಲೂ ಬಂದಿರಬಹುದು. ಬೇರೆ ಬೇರೆ ದಿನದ ಎರಡು ಕಫಗಳಲ್ಲಿ ಅದೇ ಬರಬೇಕು, ರೋಗಲಕ್ಷಣವೂ ಎದೆಯ ಚಿತ್ರವೂ ಹೊಂದಬೇಕು. ನಮ್ಮ ದೇಶದಲ್ಲಿ ಕಫದಲ್ಲಿ ಕೆಂಪು ಕಡ್ಡಿ ಕಂಡರೆ ಬಹುಪಾಲು ಅದು ಕ್ಷಯವೇ. ಆದ್ದರಿಂದ ಈ ಲೇಖನ ಓದಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಬಾರದು. ಗುಣವಾಗದಿದ್ದರೆ ಕಲ್ಚರ್ ಮಾಡಿಸಿ ಎಂದು ಕೇಳುವ ಹಕ್ಕು ರೋಗಿಗೆ ಇದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪ್ರಯೋಗಾಲಯ ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಿ. ಆ ತಾಯಿಗೆ ಈಗ ಬೇರೆ ಔಷಧಿ ನಡೆಯುತ್ತಿದೆ, ಒಂದು ವರ್ಷಕ್ಕೂ ಮೀರಿದ ಚಿಕಿತ್ಸೆ. ಮಗ ಕಾಲೇಜು ಸೇರಿದ್ದಾನೆ.

ಮತ್ತೆ ಕಾಕ್‌ರವರ ಜೀವನಕ್ಕೆ ಬರುತ್ತೇನೆ. 1883ರಲ್ಲಿ ಕಾಲರಾ ರೋಗದ ಬೆನ್ನು ಹತ್ತಿ ಈಜಿಪ್ಟಿಗೂ ಅಲ್ಲಿಂದ ಕಲ್ಕತ್ತಾಕ್ಕೂ ಬಂದರು. ಅಲ್ಲಿ ಅಲ್ಪವಿರಾಮದ ಆಕಾರದ ರೋಗಾಣುವನ್ನು ಬೆಳೆಸಿದರು. ಜನ ಕುಡಿಯುವ ಕೆರೆಯ ನೀರಿನಲ್ಲೂ ಅದನ್ನು ಕಂಡರು. 1884ರಲ್ಲಿ ಊರಿಗೆ ಮರಳಿದಾಗ ಸರ್ಕಾರ ಒಂದು ಲಕ್ಷ ಮಾರ್ಕ್ ಬಹುಮಾನ ಕೊಟ್ಟಿತು, ಮರುವರ್ಷ ಪ್ರಾಧ್ಯಾಪಕ ಹುದ್ದೆ ಬಂತು. ಅವರ ಕೀರ್ತಿ ಆಕಾಶಕ್ಕೇರಿತ್ತು.

ಅಲ್ಲಿಂದಲೇ ಜಾರಿದರು. 1890ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನದಲ್ಲಿ, ಕ್ಷಯದ ಬೆಳವಣಿಗೆ ತಡೆಯುವ ವಸ್ತುವೊಂದು ತಮಗೆ ಸಿಕ್ಕಿದೆಯೆಂದು ಪ್ರಕಟಿಸಿದರು. ನವೆಂಬರ್‌ನಲ್ಲಿ ಅದನ್ನು ರೋಗಿಗಳಿಗೆ ಕೊಟ್ಟ ವರದಿ ಬಂತು. ಅದು ಏನು, ಹೇಗೆ ಮಾಡುವುದು ಎಂಬುದನ್ನು ಗುಟ್ಟಾಗಿಟ್ಟರು. ಯುರೋಪಿನ ಮೂಲೆಮೂಲೆಯಿಂದ ರಕ್ತ ಕೆಮ್ಮುತ್ತಾ ಜನ ಬರ್ಲಿನ್‌ಗೆ ಬಂದರು, ದಾರಿಯಲ್ಲೇ ಸತ್ತವರಿದ್ದರು. ಷರ್ಲಾಕ್ ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್ ಸ್ವತಃ ವೈದ್ಯರು, ಅವರೂ ಹೋಗಿ ನೋಡಿ ಅನುಮಾನದಿಂದಲೇ ಬರೆದರು. ಕೆಲವೇ ತಿಂಗಳಲ್ಲಿ ಸತ್ಯ ಹೊರಬಿತ್ತು. ಚುಚ್ಚುಮದ್ದು ಪಡೆದು ಸತ್ತವರ ದೇಹಗಳನ್ನು ಪರೀಕ್ಷಿಸಿದ ಹಿರಿಯ ವೈದ್ಯ ರುಡಾಲ್ಫ್ ವಿರ್ಕೋ, ರೋಗ ಗುಣವಾಗಿಲ್ಲ, ಕೆಲವರಲ್ಲಿ ಹರಡಿದೆ ಎಂದು ತೋರಿಸಿದರು. 1891ರ ಜನವರಿಯಲ್ಲಿ ಕಾಕ್‌ರವರು ಗುಟ್ಟು ಬಿಟ್ಟುಕೊಟ್ಟರು. ಕ್ಷಯದ ರೋಗಾಣುಗಳಿಂದ ಗ್ಲಿಸರಿನ್‌ನಲ್ಲಿ ತೆಗೆದ ಸಾರ ಅದು, ಟ್ಯೂಬರ್ಕುಲಿನ್.

ಇದನ್ನು ಮುಚ್ಚಿಟ್ಟು ಮಹಾಪುರುಷರ ಜೀವನ ಬರೆಯುವ ರೂಢಿ ನಮ್ಮಲ್ಲಿದೆ, ನಾನು ಹಾಗೆ ಮಾಡಲಾರೆ. ನೀಲಿ ಕಡ್ಡಿ ಕಣ್ಣಿಗೆ ಬಿದ್ದ ಮೇಲೂ ಏಳು ತಿಂಗಳು ತಮ್ಮನ್ನೇ ತಾವು ಪ್ರಶ್ನಿಸಿಕೊಂಡಿದ್ದ ಮನುಷ್ಯ, ಲಕ್ಷಾಂತರ ರೋಗಿಗಳ ಆಸೆಯ ಎದುರಿಗೆ ಅವಸರಪಟ್ಟರು. ಸರ್ಕಾರದ ಒತ್ತಡವಿತ್ತು, ಪ್ಯಾರಿಸ್‌ನ ಪಾಶ್ಚರ್‌ರವರೊಂದಿಗೆ ಪೈಪೋಟಿಯೂ ಇತ್ತು. ತಮ್ಮ ಮೈಗೂ ಆ ಸಾರ ಚುಚ್ಚಿಕೊಂಡು ಜ್ವರದಿಂದ ನರಳಿದ್ದರು ಎಂಬುದನ್ನೂ ನೆನೆಯಬೇಕು. ಔಷಧಿಯಾಗಿ ಸೋತ ಆ ಟ್ಯೂಬರ್ಕುಲಿನ್ ಮುಂದೆ ರೋಗ ಪತ್ತೆಗೆ ಒದಗಿತು. ಮುಂಗೈಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ನೋಡುವ ಮಾಂಟೂ ಪರೀಕ್ಷೆ ಅದರಿಂದಲೇ ಬಂದದ್ದು.

1891ರಲ್ಲಿ ಅವರಿಗಾಗಿ ಸೋಂಕು ರೋಗಗಳ ಸಂಸ್ಥೆ ಕಟ್ಟಲಾಯಿತು. ಎಮ್ಮಿಯವರೊಡನೆ ಸಂಬಂಧ ಮುರಿದು 1893ರಲ್ಲಿ ಮತ್ತೊಂದು ಮದುವೆಯಾದರು. ದಕ್ಷಿಣ ಆಫ್ರಿಕದಲ್ಲಿ ದನಗಳ ರೋಗ, 1897ರಲ್ಲಿ ಮುಂಬಯಿಯಲ್ಲಿ ಪ್ಲೇಗ್, ನಂತರ ಮಲೇರಿಯಾ, ನಿದ್ರಾರೋಗ ಎಂದು ದೇಶದೇಶ ಸುತ್ತಿದರು. 1901ರಲ್ಲಿ ಲಂಡನ್‌ನಲ್ಲಿ, ದನದ ಕ್ಷಯ ಮನುಷ್ಯರಿಗೆ ಅಪಾಯವಲ್ಲವೆಂಬಂತೆ ಮಾತಾಡಿ ಮತ್ತೊಮ್ಮೆ ತಪ್ಪಿದರು. ಬ್ರಿಟಿಷರ ಆಯೋಗ ವರ್ಷಗಟ್ಟಲೆ ಪರೀಕ್ಷಿಸಿ, ಹಾಲಿನಿಂದ ಮಕ್ಕಳಿಗೆ ರೋಗ ಬರುತ್ತದೆಂದು ಸ್ಥಾಪಿಸಿತು. ಅಲ್ಲಿಯೂ ಪ್ರಶ್ನೆ ಗುರುತಿನದೇ: ದನದ ಮತ್ತು ಮನುಷ್ಯರ ರೋಗಾಣುಗಳು ಬೇರೆ ಎಂದು ಅವರು ಹೇಳಿದ್ದು ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು.

1905ರಲ್ಲಿ ಕ್ಷಯದ ಮೇಲಿನ ಕೆಲಸಕ್ಕಾಗಿ ನೊಬೆಲ್ ಪ್ರಶಸ್ತಿ ಬಂತು. 1908ರಲ್ಲಿ ಜಪಾನಿಗೆ ಹೋಗಿ, ಬರ್ಲಿನ್‌ನಲ್ಲಿ ತಮ್ಮ ಕೈಕೆಳಗೆ ಕಲಿತು ಹೆಸರಾದ ಶಿಷ್ಯ ಕಿಟಸಾಟೊರವರ ಆತಿಥ್ಯ ಪಡೆದರು. ಅಷ್ಟರಲ್ಲಿ ಹೃದಯ ದುರ್ಬಲವಾಗಿತ್ತು. 1910ರ ಏಪ್ರಿಲ್‌ನಲ್ಲಿಯೂ ಕ್ಷಯದ ಬಗ್ಗೆ ಉಪನ್ಯಾಸ ಕೊಟ್ಟರು. ಮೇ 27ರಂದು ಬಾಡೆನ್-ಬಾಡೆನ್ ಎಂಬ ಊರಿನಲ್ಲಿ ವಿಶ್ರಾಂತಿಗೆಂದು ಹೋಗಿದ್ದಾಗ ನಿಧನರಾದರು. ವಯಸ್ಸು 66. ಅವರ ಚಿತಾಭಸ್ಮವನ್ನು ಬರ್ಲಿನ್‌ನ ಅವರ ಸಂಸ್ಥೆಯ ಕಟ್ಟಡದೊಳಗೇ ಒಂದು ಕೊಠಡಿ ಕಟ್ಟಿ ಇರಿಸಲಾಯಿತು. ಸಂಸ್ಥೆಗೆ ಇಂದು ಅವರದೇ ಹೆಸರು, ಕೆಲಸ ಅಲ್ಲಿ ಇಂದಿಗೂ ನಡೆಯುತ್ತಿದೆ.